ಕಬ್ಬಿನ ದರಕ್ಕೆ ಯಾರನ್ನು ಕೇಳಬೇಕು, ದಿಲ್ಲಿಯನ್ನೋ ಬೆಂಗಳೂರನ್ನೋ?

ಓದುಗರ ಪ್ರಶ್ನೆ: "ನಮ್ಮದು ಮುಧೋಳ ತಾಲೂಕು, ನಾಲ್ಕು ಎಕರೆ ಕಬ್ಬು. ಪ್ರತಿ ವರ್ಷ ಹಂಗಾಮು ಶುರುವಾಗುವ ಹೊತ್ತಿಗೆ ದರದ ಜಗಳ ಇದ್ದದ್ದೇ. ಒಂದು ಪಕ್ಷದವರು ದರ ದಿಲ್ಲಿಯವರ ಕೈಯಲ್ಲಿದೆ ಅಂತಾರೆ. ಇನ್ನೊಂದು ಪಕ್ಷದವರು ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಕೊಡಿಸಬಹುದು ಅಂತಾರೆ. ನಮ್ಮ ಮನೆಯಲ್ಲೇ ಅಣ್ಣ ಒಂದು ಕಡೆ, ನಾನೊಂದು ಕಡೆ. ನಿಜವಾಗಿ ಇದು ಯಾರ ಜವಾಬ್ದಾರಿ?"

ಇಬ್ಬರದೂ ಹೌದು, ಆದರೆ ಬೇರೆ ಬೇರೆ ಭಾಗಕ್ಕೆ. ಕನಿಷ್ಠ ದರ ನಿಗದಿ ಮಾಡುವುದು ದಿಲ್ಲಿ. ಆ ದುಡ್ಡು ಹೊತ್ತಿಗೆ ಸರಿಯಾಗಿ ನಿಮ್ಮ ಖಾತೆಗೆ ಬೀಳುವಂತೆ ನೋಡಿಕೊಳ್ಳಬೇಕಾದದ್ದು ಬೆಂಗಳೂರು ಮತ್ತು ಜಿಲ್ಲೆಯ ಡಿಸಿ. ಇನ್ನು ಕಾರ್ಖಾನೆಗೆ ಎಷ್ಟು ಆದಾಯ ಹುಟ್ಟುತ್ತದೆ ಅನ್ನುವುದು ಬಹುಪಾಲು ಮತ್ತೆ ದಿಲ್ಲಿಯ ನೀತಿಯ ಮೇಲೆ ನಿಂತಿದೆ. ಪಕ್ಷಗಳ ಜಗಳದಲ್ಲಿ ಈ ಮೂರೂ ಕಲಸಿಹೋಗುತ್ತವೆ. ಹಾಗಾಗಿ ನಿಮ್ಮ ಅಣ್ಣನ ಮಾತೂ ಅರ್ಧ ನಿಜ, ನಿಮ್ಮ ಮಾತೂ ಅರ್ಧ ನಿಜ.

ಮೊದಲು ದರ. 1966ರ ಕಬ್ಬು ನಿಯಂತ್ರಣ ಆದೇಶದ ಕೆಳಗೆ ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ಒಂದು ಕನಿಷ್ಠ ದರ ಘೋಷಿಸುತ್ತದೆ. 2009ರ ತಿದ್ದುಪಡಿಯ ನಂತರ ಅದಕ್ಕೆ ನ್ಯಾಯಯುತ ಮತ್ತು ಲಾಭದಾಯಕ ದರ, ಅಂದರೆ ಎಫ್‌ಆರ್‌ಪಿ ಅನ್ನುತ್ತಾರೆ. ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಶಿಫಾರಸು ಮಾಡುತ್ತದೆ, ಕೇಂದ್ರ ಸಂಪುಟ ಒಪ್ಪುತ್ತದೆ. 2025-26ನೇ ಹಂಗಾಮಿಗೆ ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಇದು ಶೇ 10.25 ರಿಕವರಿ ಇರುವ ಕಾರ್ಖಾನೆಗೆ. ಅಂದರೆ ನೂರು ಕಿಲೋ ಕಬ್ಬು ಅರೆದರೆ ಹತ್ತೂಕಾಲು ಕಿಲೋ ಸಕ್ಕರೆ ಬರಬೇಕು. ರಿಕವರಿ ಶೇ 0.1 ಏರಿದರೆ ಕ್ವಿಂಟಲ್‌ಗೆ 3 ರೂಪಾಯಿ 46 ಪೈಸೆ ಜಾಸ್ತಿ.

ಹಾಗಾದರೆ 3,550 ಕೈಗೆ ಬರಬೇಕಲ್ವಾ? ಬರುವುದಿಲ್ಲ. ಎಫ್‌ಆರ್‌ಪಿ ಅನ್ನುವುದು ಕಾರ್ಖಾನೆಯ ಗೇಟಿನ ದರ. ನಮ್ಮ ಕಡೆ ಕಡಿಯುವ ಗ್ಯಾಂಗನ್ನೂ ಟ್ರ್ಯಾಕ್ಟರನ್ನೂ ಕಾರ್ಖಾನೆಯೇ ಕಳಿಸುತ್ತದೆ. ಆ ಖರ್ಚನ್ನು ಬಿಲ್ಲಿನಲ್ಲಿ ಮುರಿದುಕೊಳ್ಳುತ್ತದೆ. ಲೆಕ್ಕಕ್ಕೆ ಸುಮ್ನೆ ಟನ್ನಿಗೆ 800 ಅಂತ ಹಿಡಿಯಿರಿ. ಕೈಗೆ ಬರುವುದು 2,750. ಗ್ಯಾಂಗಿನವರಿಗೆ ಮೇಲಿಂದ ಕೊಡುವ ಲಗಾಣಿ ಇದರಲ್ಲಿ ಸೇರಿಲ್ಲ. ದಿಲ್ಲಿಯಲ್ಲಿ ಹೇಳುವ ಅಂಕಿ ಒಂದು, ಹೊಲದಲ್ಲಿ ಹೇಳುವ ಅಂಕಿ ಇನ್ನೊಂದು. ಎರಡೂ ಸುಳ್ಳಲ್ಲ. ಟಿವಿ ಚರ್ಚೆಯಲ್ಲಿ ಒಬ್ಬರು ಗೇಟಿನ ದರ ಹೇಳುತ್ತಾರೆ, ಇನ್ನೊಬ್ಬರು ಕೈಗೆ ಬಂದದ್ದು ಹೇಳುತ್ತಾರೆ, ಗಂಟೆಗಟ್ಟಲೆ ಕೂಗಾಡುತ್ತಾರೆ.

ಇದರಲ್ಲೇ ಇನ್ನೊಂದು ವಿಷಯ ಇದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. 2017-18ರಲ್ಲಿ ಎಫ್‌ಆರ್‌ಪಿ ಕ್ವಿಂಟಲ್‌ಗೆ 255 ರೂಪಾಯಿ ಇತ್ತು, ಶೇ 9.5 ರಿಕವರಿಗೆ. ಮರುವರ್ಷ 275 ಆಯಿತು. ಇಪ್ಪತ್ತು ರೂಪಾಯಿ ಏರಿದೆ ಅಂತ ಪ್ರಚಾರ ಆಯಿತು. ಆದರೆ ಆ 275 ಶೇ 10 ರಿಕವರಿಗೆ. ಹಳೆಯ ಶೇ 9.5ರ ಅಳತೆಯಲ್ಲಿ ನೋಡಿದರೆ ಅದು 261 ರೂಪಾಯಿ 25 ಪೈಸೆ. ನಿಜವಾದ ಏರಿಕೆ ಆರೂಕಾಲು ರೂಪಾಯಿ ಮಾತ್ರ. ಆಮೇಲೆ 2022-23ರಲ್ಲಿ ಅಳತೆಯನ್ನು ಶೇ 10.25ಕ್ಕೆ ಏರಿಸಿದರು. ಕೃಷ್ಣಾ, ಘಟಪ್ರಭಾ ದಂಡೆಯ ಕಬ್ಬಿಗೆ ರಿಕವರಿ ಚೆನ್ನಾಗಿ ಬರುತ್ತದೆ. ಅಳತೆ ಏರಿದಷ್ಟೂ ಅಂಥ ಕಡೆ ರೈತನಿಗೆ ಸಿಗುತ್ತಿದ್ದ ಹೆಚ್ಚಿನ ಪಾಲು ಕರಗುತ್ತದೆ. ದಿಲ್ಲಿಯನ್ನು ಕೇಳಲೇಬೇಕಾದ ಪ್ರಶ್ನೆ ಅಂದರೆ ನನ್ನ ಪ್ರಕಾರ ಇದು.

ಈಗ ಬೆಂಗಳೂರಿನ ಪಾಲು. ರಾಜ್ಯದ ಕೈಯಲ್ಲಿ ಏನೂ ಇಲ್ಲ ಅನ್ನುವ ಮಾತು ಸರಿಯಲ್ಲ. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಬರಬೇಕು. ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಿ ಕೊಡಬೇಕು. ಕೊಡದ ಕಾರ್ಖಾನೆಯಿಂದ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು, ಅಂದರೆ ಗೋದಾಮಿನ ಸಕ್ಕರೆಯನ್ನೇ ಜಪ್ತಿ ಮಾಡಬಹುದು. ಅದನ್ನು ಮಾಡಬೇಕಾದವರು ಜಿಲ್ಲಾಡಳಿತ. ಆದರೆ ಈ 14 ದಿನದ ನಿಯಮದಲ್ಲಿ ಒಂದು ಸಂದು ಇದೆ. ರೈತ ಮತ್ತು ಕಾರ್ಖಾನೆ ನಡುವೆ ಬೇರೆ ಥರ ಲಿಖಿತ ಒಪ್ಪಂದ ಆಗಿದ್ದರೆ ಆ ಗಡುವು ನಡೆಯುವುದಿಲ್ಲ. ನೋಂದಣಿ ಸಮಯದಲ್ಲಿ ಫೀಲ್ಡ್‌ಮನ್ ತರುವ ಕಾಗದಕ್ಕೆ ಓದದೆ ಸಹಿ ಹಾಕುವವರೇ ಜಾಸ್ತಿ. ದಯವಿಟ್ಟು ಓದಿ. ಅಕ್ಷರ ಸಣ್ಣದಿದ್ದರೆ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿಂದ ಓದಿಸಿ.

ದರದಲ್ಲೂ ರಾಜ್ಯಕ್ಕೆ ಜಾಗ ಇದೆ. ಎಫ್‌ಆರ್‌ಪಿಗಿಂತ ಹೆಚ್ಚಿನ ದರವನ್ನು ರಾಜ್ಯ ನಿಗದಿ ಮಾಡಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಉತ್ತರ ಪ್ರದೇಶ, ಪಂಜಾಬ್, ಹರಿಯಾಣದಲ್ಲಿ ಹಾಗೆ ಮಾಡುತ್ತಾರೆ. ಕರ್ನಾಟಕ ಆ ದಾರಿ ಹಿಡಿದಿಲ್ಲ. 2013ರ ಕಾಯ್ದೆಯಲ್ಲಿ ಕಬ್ಬು ನಿಯಂತ್ರಣ ಮಂಡಳಿ ಮಾಡಿ, ಕಾರ್ಖಾನೆಯ ಆದಾಯದಲ್ಲಿ ರೈತನಿಗೆ ಪಾಲು ಅನ್ನುವ ಸೂತ್ರಕ್ಕೆ ಒಲವು ತೋರಿಸಿತು. 2012ರಲ್ಲಿ ರಂಗರಾಜನ್ ಸಮಿತಿ ಹೇಳಿದ ಸೂತ್ರ ಇದು: ಸಕ್ಕರೆ ಮತ್ತು ಉಪಉತ್ಪನ್ನ ಸೇರಿದ ಆದಾಯದಲ್ಲಿ ಶೇ 70, ಸಕ್ಕರೆ ಒಂದನ್ನೇ ಲೆಕ್ಕ ಹಿಡಿದರೆ ಶೇ 75 ರೈತನಿಗೆ. ನನಗೆ ಈ ಸೂತ್ರವೇ ಸರಿ ಅನ್ನಿಸುತ್ತದೆ. ಉತ್ತರ ಪ್ರದೇಶದಲ್ಲಿ ದೊಡ್ಡ ದರ ಘೋಷಣೆಯಾಗಿ, ಬಾಕಿ ವರ್ಷಗಟ್ಟಲೆ ಉಳಿದದ್ದೂ ಇದೆ. ಆದರೆ ಪಾಲಿನ ಲೆಕ್ಕ ನಡೆಯಬೇಕಾದರೆ ಕಾರ್ಖಾನೆಯ ಪುಸ್ತಕ ತೆರೆದಿಡಬೇಕು. ಅಲ್ಲಿಯೇ ಎಲ್ಲ ನಿಲ್ಲುತ್ತದೆ. ಬೆಳಗಾವಿ, ಬಾಗಲಕೋಟೆಯಲ್ಲಿ ಕಾರ್ಖಾನೆ ನಡೆಸುವ ರಾಜಕಾರಣಿಗಳು ಎಲ್ಲ ದೊಡ್ಡ ಪಕ್ಷಗಳಲ್ಲೂ ಇದ್ದಾರೆ.

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ನಡೆದದ್ದನ್ನು ನೋಡಿ. ಕಟಾವು, ಸಾಗಣೆ ಬಿಟ್ಟು ಟನ್ನಿಗೆ 3,500 ಕೊಡಿ ಅಂತ ರೈತರು ರಸ್ತೆಯಲ್ಲಿ ಕೂತರು. ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದರು. ಕೇಂದ್ರ ಸಚಿವರು ಅಂಕಿ ಹಿಡಿದು ತಿರುಗಿ ಬರೆದರು. ಕೊನೆಗೆ ಬೆಂಗಳೂರಿನ ಸಭೆಯಲ್ಲಿ 3,300 ಅಂತ ತೀರ್ಮಾನವಾಯಿತು. ಆಗ ಏರಿಸಿದ 100 ರೂಪಾಯಿಯಲ್ಲಿ 50 ಕಾರ್ಖಾನೆ, 50 ರಾಜ್ಯ ಸರ್ಕಾರ. ಅಂದರೆ ರಾಜ್ಯ ಕೂತು ಮಾತಾಡಿದರೆ ದರ ಸ್ವಲ್ಪ ಮೇಲೇಳುತ್ತದೆ. ಆದರೆ ಸ್ವಲ್ಪವೇ. ಯಾಕೆ ಅಂದರೆ ಮೂರನೇ ಭಾಗ ಬೆಂಗಳೂರಿನ ಕೈಯಲ್ಲಿಲ್ಲ.

ಆ ಮೂರನೇ ಭಾಗ ಕಾರ್ಖಾನೆಯ ಆದಾಯ. ಸಕ್ಕರೆಗೂ ಒಂದು ಕನಿಷ್ಠ ಮಾರಾಟ ದರ ಇದೆ. 2019ರ ಫೆಬ್ರವರಿಯಲ್ಲಿ ಕಿಲೋಗೆ 31 ರೂಪಾಯಿ ಮಾಡಿದರು. ಗುರ್ಲಾಪುರದ ಚಳವಳಿ ಹೊತ್ತಿಗೂ ಅದೇ 31. ಅಷ್ಟರಲ್ಲಿ ಎಫ್‌ಆರ್‌ಪಿ 275ರಿಂದ 355ಕ್ಕೆ ಹೋಗಿತ್ತು. ಶೇ 10.25 ರಿಕವರಿಯಲ್ಲಿ ಒಂದು ಟನ್ ಕಬ್ಬಿನಿಂದ ಬರುವುದು 102.5 ಕಿಲೋ ಸಕ್ಕರೆ. 31ರಂತೆ 3,177 ರೂಪಾಯಿ, ಕಬ್ಬಿಗೆ ಕೊಡಬೇಕಾದ 3,550ಕ್ಕಿಂತ ಕಡಿಮೆ. ಪೇಟೆಯಲ್ಲಿ ಸಕ್ಕರೆ ಇದಕ್ಕಿಂತ ಜಾಸ್ತಿಗೆ ಹೋಗುತ್ತದೆ, ನಿಜ. ಬಗ್ಯಾಸ್‌ನಿಂದ, ಅಂದರೆ ಅರೆದ ಕಬ್ಬಿನ ಸಿಪ್ಪೆಯಿಂದ, ಕರೆಂಟ್ ಬರುತ್ತದೆ, ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಬರುತ್ತದೆ. ಹಾಗಾಗಿ ಕಾರ್ಖಾನೆಯವರ ಅಳುವನ್ನು ಪೂರ್ತಿ ನಂಬಬೇಕಿಲ್ಲ. ಸಕ್ಕರೆ ರಫ್ತಿಗೂ 2022ರಿಂದ ದಿಲ್ಲಿಯ ಲಗಾಮು ಇದೆ. ನಗರದಲ್ಲಿ ಸಕ್ಕರೆ ತುಟ್ಟಿಯಾಗಬಾರದು ಅನ್ನುವುದು ಕಾರಣ. ಅದರ ಭಾರ ಕೊನೆಗೆ ಕಬ್ಬು ಬೆಳೆದವನ ಮೇಲೂ ಬೀಳುತ್ತದೆ.

ಎಥೆನಾಲ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಸೀಮೆಯ ಮುಂದಿನ ಹತ್ತು ವರ್ಷ ಅದರ ಮೇಲೆ ನಿಂತಿದೆ. 2013-14ರಲ್ಲಿ ಪೆಟ್ರೋಲಿನಲ್ಲಿ ಎಥೆನಾಲ್ ಪಾಲು ಶೇ 1.5ರಷ್ಟಿತ್ತು. 2022ರಲ್ಲಿ ಶೇ 10 ಆಯಿತು. 2030ಕ್ಕೆ ಇಟ್ಟುಕೊಂಡಿದ್ದ ಶೇ 20ರ ಗುರಿ 2025ರಲ್ಲೇ ಮುಟ್ಟಿತು. ಇದು ನಿಜವಾದ ಹೊಸತನ. ಸಕ್ಕರೆ ದರ ಬಿದ್ದರೆ ಮೊದಲು ಕಾರ್ಖಾನೆಗೆ ಬೇರೆ ದಾರಿ ಇರಲಿಲ್ಲ. ಈಗ ಕಬ್ಬಿನ ಹಾಲನ್ನೇ ಎಥೆನಾಲ್ ಮಾಡಿ ತೈಲ ಕಂಪನಿಗೆ ಮಾರಬಹುದು, ದುಡ್ಡೂ ಬೇಗ ಬರುತ್ತದೆ. ಕಡಿಮೆ ಬಡ್ಡಿಯ ಸಾಲ ಸಿಗುತ್ತದೆ ಅಂತ ಎಷ್ಟೋ ಕಾರ್ಖಾನೆಗಳು ಡಿಸ್ಟಿಲರಿ ಕಟ್ಟಿದವು.

ಆಮೇಲೆ 2023ರ ಮಳೆ ಕೈಕೊಟ್ಟಿತು. ಸಕ್ಕರೆ ಕಡಿಮೆಯಾದೀತು ಅಂತ ಆ ಡಿಸೆಂಬರ್ 7ರಂದು ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದನ್ನು ಕೇಂದ್ರ ತಡೆಯಿತು. ನಂತರ ಮಿತಿ ಹಾಕಿ ಸಡಿಲಿಸಿತು. ಪೂರ್ತಿ ತೆಗೆದದ್ದು 2024ರಲ್ಲಿ. ಆ ಬಿಡುವಿನಲ್ಲಿ ಗೋವಿನಜೋಳ, ಅಕ್ಕಿಯ ಎಥೆನಾಲ್ ಮುಂದೆ ಬಂತು. 2025-26ಕ್ಕೆ ತೈಲ ಕಂಪನಿಗಳು ಹಂಚಿದ ಎಥೆನಾಲ್‌ನಲ್ಲಿ ಕಬ್ಬಿನ ಮೂಲದ ಪಾಲು ಶೇ 28ರಷ್ಟು. ಗೋವಿನಜೋಳದ್ದು ಅದಕ್ಕಿಂತ ಜಾಸ್ತಿ. ಹೊಸ ತಂತ್ರಜ್ಞಾನ ಬಂದರೆ ಎಲ್ಲರಿಗೂ ಒಳ್ಳೆಯದಾಗುತ್ತದೆ ಅಂತ ಭಾಷಣದಲ್ಲಿ ಕೇಳುತ್ತೇವೆ. ಇಲ್ಲಿ ಹಾವೇರಿ ಕಡೆಯ ಗೋವಿನಜೋಳದವನೂ ಮುಧೋಳದ ಕಬ್ಬಿನವನೂ ಒಂದೇ ಟ್ಯಾಂಕಿಗೆ ಪೈಪೋಟಿಗೆ ನಿಂತಿದ್ದಾರೆ. ಯಾರಿಗೆ ಎಷ್ಟು ಪಾಲು ಅನ್ನುವುದನ್ನು ಯಂತ್ರ ಹೇಳುವುದಿಲ್ಲ, ಸರ್ಕಾರದ ಹಂಚಿಕೆ ಹೇಳುತ್ತದೆ. ಪಾಲು ಕಡಿಮೆಯಾಯಿತು ಅನ್ನುವ ರಾಜ್ಯದ ದೂರಿನಲ್ಲಿ ಹುರುಳಿದೆ. ಹಾಗೆಯೇ ಆ ದೂರನ್ನು ಮುಂದೆ ಮಾಡಿ, ತೂಕ, ರಿಕವರಿ ಪರೀಕ್ಷೆ, ಬಾಕಿ ವಸೂಲಿಯಂಥ ತನ್ನದೇ ಕೆಲಸವನ್ನು ರಾಜ್ಯ ಹಿಂದೆ ಹಾಕಬಾರದು.

ನೀವು ಮನೆಯೊಳಗಿನ ಜಗಳದ ಮಾತು ಬರೆದಿದ್ದೀರಿ. ನನಗೆ ಹೆಚ್ಚು ಚಿಂತೆ ಅದರದ್ದೇ. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದಾಗ, ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು. ಅದರ ಬೆನ್ನಿಗೇ ರಾಜ್ಯ ರೈತ ಸಂಘ ಹುಟ್ಟಿತು. ಹಸಿರು ಶಾಲಿನ ಬಲ ಪಕ್ಷದ ಹೊರಗೆ ನಿಂತದ್ದರಿಂದ ಬಂದದ್ದು. ಈಗ ಊರಿನ ವಾಟ್ಸಾಪ್ ಗುಂಪಿನಲ್ಲಿ ಎಫ್‌ಆರ್‌ಪಿ ಅಂದ ಕೂಡಲೇ ನೀನು ಯಾವ ಪಕ್ಷ ಅಂತ ಕೇಳುತ್ತಾರೆ. ಆ ಪ್ರಶ್ನೆ ಬಂದ ಕ್ಷಣ, ಈ ವರ್ಷದ ರಿಕವರಿ ಎಷ್ಟು ಅನ್ನುವ ಪ್ರಶ್ನೆ ಕಾಣೆಯಾಗುತ್ತದೆ. ಅದರಿಂದ ಲಾಭ ಆಗುವುದು ಉತ್ತರ ಕೊಡಬೇಕಾದವರಿಗೆ ಮಾತ್ರ.

ಆದ್ದರಿಂದ ಅಣ್ಣ ತಮ್ಮ ಇಬ್ಬರೂ ಸೇರಿ ಕೆಲಸ ಹಂಚಿಕೊಳ್ಳಿ. ರಿಕವರಿ ಅಳತೆ, ಸಕ್ಕರೆಯ ಕನಿಷ್ಠ ಮಾರಾಟ ದರ, ರಫ್ತು, ಎಥೆನಾಲ್ ಪಾಲು, ಇವು ನಿಮ್ಮ ಸಂಸದರಿಗೆ. 14 ದಿನ, ಬಡ್ಡಿ, ತೂಕ, ಕಟಾವು ಖರ್ಚಿನ ಮುರಿತ, ಇವು ಶಾಸಕರಿಗೆ ಮತ್ತು ಡಿಸಿ ಕಚೇರಿಗೆ. ಕಾರ್ಖಾನೆಯ ರಿಕವರಿ ಅಂಕಿ, ಕಟಾವು ಸಾಗಣೆಗೆ ಟನ್ನಿಗೆ ಎಷ್ಟು ಮುರಿದರು ಅನ್ನುವ ಲೆಕ್ಕ ಸಕ್ಕರೆ ನಿರ್ದೇಶಕರ ಕಚೇರಿಗೆ ಹೋಗುತ್ತದೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಬಾಯ್ಲರ್‌ಗೆ ಬೆಂಕಿ ಹಾಕುವ ಮೊದಲೇ, ಸೆಪ್ಟೆಂಬರ್‌ನಲ್ಲೇ ಅರ್ಜಿ ಕೊಡಿ. ನವೆಂಬರ್‌ನಲ್ಲಿ ದರದ ಸಭೆ ಕೂರುವಾಗ ಆ ಕಾಗದ ಕೈಯಲ್ಲಿರಲಿ.