ಫಿಕ್ಸೇಶನ್: ಕಾಯ್ದಿಟ್ಟ ಮಿದುಳಿನ ಎಂಆರ್‌ಐ ಅಳತೆ ಏಕೆ ಬೇರೆ?

ಪ್ರಾಣ ಹೋದ ಕೂಡಲೇ ಜೀವಕೋಶಗಳು ತಮ್ಮದೇ ಕಿಣ್ವಗಳಿಂದ ಕರಗತೊಡಗುತ್ತವೆ. ಅದನ್ನು ತಡೆದು ಅಂಗಾಂಶವನ್ನು ಹಿಡಿದು ನಿಲ್ಲಿಸುವ ರಾಸಾಯನಿಕ ಕ್ರಿಯೆಯೇ ಫಿಕ್ಸೇಶನ್, ಕನ್ನಡದಲ್ಲಿ ಸ್ಥಿರೀಕರಣ. ಮಿದುಳಿಗೆ ಸಾಮಾನ್ಯವಾಗಿ ಬಳಸುವುದು ಫಾರ್ಮಾಲ್ಡಿಹೈಡ್. ಅದು ಪ್ರೋಟೀನುಗಳ ನಡುವೆ ಮೀಥೈಲೀನ್ ಸೇತುವೆ ಕಟ್ಟುತ್ತದೆ. ಅಂಗಾಂಶದ ಆಕಾರ ಉಳಿಯುತ್ತದೆ, ಆದರೆ ಒಳಗಿನ ನೀರಿನ ನಡವಳಿಕೆ ಬದಲಾಗುತ್ತದೆ. ಎಂಆರ್‌ಐ ಅಳೆಯುವುದು ಆ ನೀರನ್ನೇ.

ಲೇಬಲ್ ಓದುವಾಗ ಎಚ್ಚರ ಬೇಕು. ಫಾರ್ಮಲಿನ್ ಎಂಬುದು ಫಾರ್ಮಾಲ್ಡಿಹೈಡ್ ಕರಗಿಸಿದ ನೀರು. 10% ಫಾರ್ಮಲಿನ್ ಎಂದರೆ 10% ಫಾರ್ಮಾಲ್ಡಿಹೈಡ್ ಅಲ್ಲ, ಸುಮಾರು 4% ಮಾತ್ರ. ಮೂಲ ಫಾರ್ಮಲಿನ್‌ನಲ್ಲೇ ಇರುವುದು ಸುಮಾರು 37%. ಅದರಲ್ಲಿ ಮೆಥನಾಲ್ ಕೂಡ ಬೆರೆತಿರುತ್ತದೆ. ಪ್ಯಾರಾಫಾರ್ಮಾಲ್ಡಿಹೈಡ್ (ಪಿಎಫ್‌ಎ) ಪುಡಿಯಿಂದ ಆಗಷ್ಟೇ ತಯಾರಿಸಿದ 4% ದ್ರಾವಣದಲ್ಲಿ ಮೆಥನಾಲ್ ಇರುವುದಿಲ್ಲ.

ಫಿಕ್ಸೇಶನ್‌ಗೆ ಒಳ್ಳೆಯ ದಾರಿ ರಕ್ತನಾಳಗಳ ಮೂಲಕ ಹಾಯಿಸುವ ಪರ್ಫ್ಯೂಷನ್. ಆಳವಾದ ಅರಿವಳಿಕೆಯಲ್ಲಿರುವ ಪ್ರಾಣಿಯ ಹೃದಯದ ಎಡ ಹೃತ್ಕುಕ್ಷಿಗೆ ಸೂಜಿ ಚುಚ್ಚಿ, ಬಲ ಹೃತ್ಕರ್ಣವನ್ನು ಕತ್ತರಿಸುತ್ತಾರೆ. ಮೊದಲು ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಬೆರೆಸಿದ ಸಲೈನ್ (ಉಪ್ಪುನೀರು), ಹೊರಬರುವ ದ್ರವ ತಿಳಿಯಾದ ಮೇಲೆ ಪಿಎಫ್‌ಎ. ಸುಂಡಿಲಿಗೆ ಒಂದೊಂದೂ 20ರಿಂದ 30 ಮಿ.ಲೀ. ಸಾಕು. ಆಮೇಲೆ ಮಿದುಳು ಒಂದು ರಾತ್ರಿ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದೇ ದ್ರಾವಣದಲ್ಲಿರುತ್ತದೆ. ಸಲೈನ್ ಸಾಲದೆ ರಕ್ತ ಉಳಿದರೆ ಅದರ ಡಿಆಕ್ಸಿಹಿಮೋಗ್ಲೋಬಿನ್‌ನಿಂದಾಗಿ (ಆಮ್ಲಜನಕವಿಲ್ಲದ ಹಿಮೋಗ್ಲೋಬಿನ್) ಟಿ2-ಸ್ಟಾರ್ ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಕಪ್ಪು ಚುಕ್ಕೆಗಳು ಮೂಡುತ್ತವೆ. ಅವನ್ನು ಸಣ್ಣ ರಕ್ತಸ್ರಾವ ಎಂದು ಎಣಿಸಿಬಿಡುವ ಅಪಾಯವಿದೆ. ಮಿದುಳನ್ನು ಬರೀ ದ್ರಾವಣದಲ್ಲಿ ಮುಳುಗಿಸಿಟ್ಟರೆ ಹೊರಪದರ ಮೊದಲು ಗಟ್ಟಿಯಾಗುತ್ತದೆ, ಒಳಭಾಗ ಅಷ್ಟರಲ್ಲಿ ಕೆಡುತ್ತಿರುತ್ತದೆ. ದ್ರಾವಣ ಎರಡರಷ್ಟು ಆಳಕ್ಕೆ ಇಳಿಯಲು ನಾಲ್ಕರಷ್ಟು ಹೊತ್ತು ಹಿಡಿಯುತ್ತದೆ.

ಎಂಆರ್‌ಐಯಲ್ಲಿ ನೀರಿನ ಸಿಗ್ನಲ್ ಚೇತರಿಸಿಕೊಳ್ಳುವ ಹೊತ್ತು ಟಿ1, ಅಳಿಯುವ ಹೊತ್ತು ಟಿ2. ಫಿಕ್ಸೇಶನ್‌ನಿಂದ ಎರಡೂ ಕುಗ್ಗುತ್ತವೆ, ಕಾರಣ ಮಾತ್ರ ಬೇರೆ ಬೇರೆ. ಟಿ2 ಕುಗ್ಗಲು ಅಂಗಾಂಶದಲ್ಲಿ ಉಳಿದ ಫಾರ್ಮಾಲ್ಡಿಹೈಡ್ ದ್ರಾವಣದ ಪಾತ್ರ ದೊಡ್ಡದು. ಆದ್ದರಿಂದ ಮಿದುಳನ್ನು ಪಿಬಿಎಸ್ ಎಂಬ ಫಾಸ್ಫೇಟ್ ಬೆರೆತ ಉಪ್ಪುನೀರಿನಲ್ಲಿ ಕೆಲವು ದಿನ ಇಟ್ಟು, ದ್ರಾವಣ ಬದಲಿಸುತ್ತ ತೊಳೆದರೆ ಟಿ2 ಬಹುಮಟ್ಟಿಗೆ ಮರಳುತ್ತದೆ. ಟಿ1 ಹಾಗೆ ಮರಳುವುದಿಲ್ಲ. ಅದನ್ನು ಕುಗ್ಗಿಸುವ ಪ್ರೋಟೀನ್ ಸೇತುವೆಗಳು ತೊಳೆದರೂ ಹೋಗುವಂಥವಲ್ಲ. ತೊಳೆಯದೆ ಅಳೆದ ಟಿ2 ಅಂಕಿಯನ್ನು ತೊಳೆದದ್ದರ ಜೊತೆ ಹೋಲಿಸುವುದರಲ್ಲಿ ಅರ್ಥವೇ ಇಲ್ಲ.

ಡಿಫ್ಯೂಷನ್, ಅಂದರೆ ನೀರಿನ ಕಣಗಳು ಹರಡಿಕೊಳ್ಳುವ ವೇಗದ ಅಳತೆಗೆ ಬೀಳುವ ಪೆಟ್ಟು ಇನ್ನೂ ದೊಡ್ಡದು. ಬದುಕಿರುವ ಮಿದುಳಿನಲ್ಲಿ ಕೋಶಗಳ ನಡುವಿನ ಜಾಗ ಸುಮಾರು ಐದನೇ ಒಂದು ಭಾಗ. ಆಲ್ಡಿಹೈಡ್ ಫಿಕ್ಸೇಶನ್ ಆದಮೇಲೆ ಅದು ತೀರಾ ಕಿರಿದಾಗುತ್ತದೆ. ಉಷ್ಣತೆಯೂ 37 ಡಿಗ್ರಿಯಿಂದ ಕೊಠಡಿಯ 20 ಡಿಗ್ರಿಯ ಆಸುಪಾಸಿಗೆ ಇಳಿದಿರುತ್ತದೆ. ಶುದ್ಧ ನೀರಿನ ಡಿಫ್ಯೂಷನ್ ಕೂಡ ಇಷ್ಟು ಇಳಿಕೆಗೆ ಮೂರನೇ ಒಂದು ಭಾಗ ಕುಸಿಯುತ್ತದೆ. ಹೀಗಾಗಿ ಸರಾಸರಿ ಡಿಫ್ಯೂಸಿವಿಟಿ ಜೀವಂತ ಮಿದುಳಿನ ಅರ್ಧಕ್ಕಿಂತಲೂ ಕೆಳಗೆ ಹೋಗಬಹುದು. ಸ್ಕ್ಯಾನ್ ಡಿಫ್ಯೂಷನ್‌ಗೆ ಎಷ್ಟು ಸೂಕ್ಷ್ಮವಾಗಿ ಸ್ಪಂದಿಸಬೇಕು ಎಂದು ನಿಗದಿಪಡಿಸುವುದು ಬಿ-ಮೌಲ್ಯ. ಅದಕ್ಕೇ ಜೀವಂತ ಪ್ರಾಣಿಗೆ ಸಾಕಾಗುವ 1000ರ ಬಿ-ಮೌಲ್ಯದ ಬದಲು ಇಲ್ಲಿ 3000 ಅಥವಾ ಅದಕ್ಕೂ ಹೆಚ್ಚು ಬಳಸುತ್ತಾರೆ. ನೀರು ಒಂದೇ ದಿಕ್ಕಿಗೆ ಎಷ್ಟರ ಮಟ್ಟಿಗೆ ಹರಡುತ್ತದೆ ಎಂದು ತೋರುವ ಎಫ್‌ಎ ಮಾತ್ರ ಬಿಳಿ ದ್ರವ್ಯದಲ್ಲಿ ಸಾಕಷ್ಟು ಉಳಿಯುತ್ತದೆ, ಸಾವಿನ ಬೆನ್ನಲ್ಲೇ ಫಿಕ್ಸೇಶನ್ ಆಗಿದ್ದರೆ.

ಗಾತ್ರದ ಅಳತೆಗೆ ಮಿದುಳನ್ನು ತಲೆಬುರುಡೆಯೊಳಗೇ ಬಿಡುವುದು ಮೇಲು. ಹೊರತೆಗೆಯುವಾಗ ಘ್ರಾಣ ಭಾಗ ಸುಲಭವಾಗಿ ಕಿತ್ತುಹೋಗುತ್ತದೆ. ಬುರುಡೆಯಲ್ಲೇ ಇದ್ದರೂ ದ್ರವದ ಒತ್ತಡ ಹೋಗಿರುವುದರಿಂದ ಮಿದುಳಿನೊಳಗಿನ ದ್ರವ ತುಂಬಿದ ಕುಹರಗಳು ಚಿಕ್ಕದಾಗಿ ಕಾಣುತ್ತವೆ. ಸ್ಕ್ಯಾನ್‌ಗೆ ಮುನ್ನ ಹೈಡ್ರೋಜನ್ ಇಲ್ಲದ ಫಾಂಬ್ಲಿನ್‌ನಂಥ ದ್ರವದಲ್ಲಿ ಮುಳುಗಿಸಿ ನಿರ್ವಾತದಲ್ಲಿ ಗುಳ್ಳೆ ತೆಗೆಯಬೇಕು. ಸುತ್ತ ಸಿಗ್ನಲ್ ಇರುವುದಿಲ್ಲ, ಅಂಚು ಸ್ವಚ್ಛವಾಗಿ ಸಿಗುತ್ತದೆ.

ಫಾರ್ಮಲಿನ್‌ನಲ್ಲಿಟ್ಟ ಮಿದುಳು ವಾರಗಟ್ಟಲೆ ಬದಲಾಗುತ್ತಲೇ ಇರುತ್ತದೆ. ರೋಗದ ಗುಂಪನ್ನು ಮೊದಲ ವಾರ, ಆರೋಗ್ಯವಂತ ಗುಂಪನ್ನು ನಾಲ್ಕನೇ ವಾರ ಸ್ಕ್ಯಾನ್ ಮಾಡಿದರೆ ಆ ದಿನಗಳ ವ್ಯತ್ಯಾಸವೇ ರೋಗದ ಗುರುತಿನಂತೆ ಕಾಣಿಸಬಹುದು. ಎರಡೂ ಗುಂಪಿನ ಮಿದುಳುಗಳನ್ನು ಬೆರೆಸಿ ಸರದಿ ಹಾಕಿ, ಫಿಕ್ಸೇಶನ್‌ನ ದಿನ, ತೊಳೆದ ದಿನ, ಸ್ಕ್ಯಾನ್ ಹೊತ್ತಿನ ಉಷ್ಣತೆ ಈ ಮೂರನ್ನೂ ಪ್ರತಿ ಮಾದರಿಯ ಪಕ್ಕ ಬರೆದಿಡಬೇಕು.