ಓದುಗರ ಪ್ರಶ್ನೆ: ಕಡಿಮೆ ಬೆಲೆಯ ಡಿಜಿಟಲ್ ರಿಸೀವರ್‌ಗಳು ಎಲ್ಲಿ ಹೋದವು?

ಓದುಗರು ಬಿಡದೆ ಕೇಳುವ ಪ್ರಶ್ನೆ ಇದು: “ಸುಮಾರು 2003ರಿಂದ 2007ರವರೆಗೆ ಕೈಗೆಟಕುವ ಬೆಲೆಗೆ ಸಿಗುತ್ತಿದ್ದ, ತೆಳ್ಳಗಿನ, ಹೆಚ್ಚು ಬಿಸಿಯಾಗದ ಡಿಜಿಟಲ್ ಆಂಪ್ಲಿಫೈಯರ್ ರಿಸೀವರ್‌ಗಳು ಈಗ ಏಕೆ ಸಿಗುವುದಿಲ್ಲ? ಶಬ್ದವನ್ನು ಸ್ಪೀಕರ್‌ವರೆಗೂ ಡಿಜಿಟಲ್ ಆಗಿಯೇ ಒಯ್ಯುತ್ತಿದ್ದ ಅಷ್ಟು ಒಳ್ಳೆಯ ತಂತ್ರವನ್ನು ಕಂಪನಿಗಳು ಏಕೆ ಕೈಬಿಟ್ಟವು?” ರಿಸೀವರ್ ಎಂದರೆ ಡಿಸ್ಕ್ ಪ್ಲೇಯರ್, ಟಿವಿ ಮೊದಲಾದವುಗಳ ಶಬ್ದವನ್ನು ಪಡೆದು, ಬಲಪಡಿಸಿ ಸ್ಪೀಕರ್‌ಗಳಿಗೆ ಕಳಿಸುವ ಪೆಟ್ಟಿಗೆ. ಬಿಡಿಬಿಡಿಯಾಗಿ ಹಲವರಿಗೆ ಉತ್ತರಿಸಿದ್ದೇನೆ. ಇನ್ನು ಮುಂದೆ ಕೇಳುವವರಿಗೆ ಇದನ್ನೇ ತೋರಿಸಬಹುದೆಂಬ ಉದ್ದೇಶದಿಂದ ಎಲ್ಲವನ್ನೂ ಒಂದೆಡೆ ಬರೆಯುತ್ತಿದ್ದೇನೆ.

ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ ಕಷ್ಟದ್ದಲ್ಲ. 1990ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನ ಟೊಕಾಟಾ ಸಂಸ್ಥೆಯ ಈಕ್ವಿಬಿಟ್ ಎಂಬ ಡಿಜಿಟಲ್ ಆಂಪ್ಲಿಫೈಯರ್ ತಂತ್ರವನ್ನು ಬಳಸಿ ಟ್ಯಾಕ್ಟ್ ಮಿಲೇನಿಯಂ ಎಂಬ ದುಬಾರಿ ಆಂಪ್ಲಿಫೈಯರ್ ಬಂದಿತು. 2000ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಆ ಸಂಸ್ಥೆಯನ್ನು ಕೊಂಡು ತಂತ್ರವನ್ನು ಚಿಪ್‌ಗಳಿಗೆ ಇಳಿಸಿತು. ಪ್ಯಾನಸೋನಿಕ್ ಅಂಥ ಚಿಪ್‌ಗಳನ್ನು ಹಾಕಿ ತನ್ನ ಎಕ್ಸ್‌ಆರ್ ಸರಣಿಯ ರಿಸೀವರ್‌ಗಳನ್ನು ಸಾಮಾನ್ಯ ಬೆಲೆಗೆ ಮಾರಿತು. ಸೋನಿ ಎಸ್-ಮಾಸ್ಟರ್ ಎಂಬ ತನ್ನದೇ ದಾರಿ ಹಿಡಿಯಿತು. ಆದರೆ ಅಷ್ಟರಲ್ಲಿ ರಿಸೀವರ್‌ನ ಕೆಲಸವೇ ಬದಲಾಯಿತು. ಈ ಪೆಟ್ಟಿಗೆಗಳು ನೆಚ್ಚಿಕೊಂಡಿದ್ದ ಆಪ್ಟಿಕಲ್ ಮತ್ತು ಕೊಯಾಕ್ಸಿಯಲ್ ಜೋಡಣೆಗಳು ಎರಡು ಚಾನೆಲ್‌ನ ಪಿಸಿಎಂ (ಕುಗ್ಗಿಸದ ಡಿಜಿಟಲ್ ಶಬ್ದ) ಅನ್ನು, ಇಲ್ಲವೇ ಕುಗ್ಗಿಸಿದ ಬಹುಚಾನೆಲ್ ಶಬ್ದವನ್ನು ಮಾತ್ರ ಹೊರಬಲ್ಲವು. 2006ರಲ್ಲಿ ಬ್ಲೂ-ರೇ ಬಂದು, ನಷ್ಟವಿಲ್ಲದ ಬಹುಚಾನೆಲ್ ಶಬ್ದವನ್ನು ಡಿಜಿಟಲ್ ಆಗಿ ಎಚ್‌ಡಿಎಂಐ ಮೂಲಕವೇ ಕಳಿಸಬೇಕಾದಾಗ ಅವು ಒಮ್ಮೆಲೇ ಹಳತಾದವು. ಮುಂದೆ 2009ರಲ್ಲಿ ಎಚ್‌ಡಿಎಂಐ 1.4, 2013ರಲ್ಲಿ 2.0, 2017ರಲ್ಲಿ 2.1 ಬಂದಂತೆಲ್ಲ ತಯಾರಕರ ಹಣ ವಿಡಿಯೋ ಬೋರ್ಡಿಗೆ, ಡಿಕೋಡಿಂಗ್ ಪರವಾನಗಿಗೆ, ಕೋಣೆಗೆ ತಕ್ಕಂತೆ ಶಬ್ದವನ್ನು ಹೊಂದಿಸುವ ವ್ಯವಸ್ಥೆಗೆ ಹೋಯಿತು. ಕಡಿಮೆ ಬೆಲೆಯ ಮಾದರಿಯಲ್ಲಿ ಮಿಗುವ ಅಲ್ಪ ಹಣಕ್ಕೆ, ಹಲವು ವರ್ಷಗಳಿಂದ ಪಳಗಿದ ಎಬಿ ಕ್ಲಾಸ್ (ಸಾಂಪ್ರದಾಯಿಕ ಅನಲಾಗ್) ಆಂಪ್ಲಿಫೈಯರೇ ಸುಲಭದ ಆಯ್ಕೆಯಾಗಿತ್ತು. ಕಡಿಮೆ ಬೆಲೆಯ ರಿಸೀವರ್ ಕೊಳ್ಳಬಹುದಾಗಿದ್ದ ಅನೇಕರು ಸೌಂಡ್‌ಬಾರ್‌ನತ್ತ ಹೊರಟುಹೋದರು. ಆ ಸೌಂಡ್‌ಬಾರ್‌ಗಳಲ್ಲಿ, ಟಿವಿಗಳಲ್ಲಿ, ಬ್ಲೂಟೂತ್ ಸ್ಪೀಕರ್‌ಗಳಲ್ಲಿ ಇಂದು ಹೆಚ್ಚಾಗಿ ದುಡಿಯುತ್ತಿರುವುದು ಡಿಜಿಟಲ್ ಇನ್‌ಪುಟ್ ಪಡೆಯುವ ಆಂಪ್ಲಿಫೈಯರ್ ಚಿಪ್‌ಗಳೇ. ತಂತ್ರಜ್ಞಾನ ಸಾಯಲಿಲ್ಲ, ಪೆಟ್ಟಿಗೆ ಬದಲಾಯಿಸಿತು.

ನನ್ನನ್ನು ನಿಜವಾಗಿ ಕಾಡುವುದು ಪ್ರಶ್ನೆಯ ಎರಡನೆಯ ಭಾಗ. “ಸ್ಪೀಕರ್‌ವರೆಗೂ ಡಿಜಿಟಲ್, ಎಲ್ಲಿಯೂ ಅನಲಾಗ್ ಆಗಿ ಬದಲಾಗುವುದಿಲ್ಲ, ಹಾಗಾಗಿ ಎಲ್ಲಿಯೂ ಏನೂ ಕೆಡುವುದಿಲ್ಲ” ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಅದನ್ನು ಕೀಳದೆ ಈ ವಿಷಯದಲ್ಲಿ ಮುಂದಿನ ಮಾತೇ ಸಾಧ್ಯವಿಲ್ಲ. ಸ್ಪೀಕರ್‌ನ ಕೋನ್ ಚಲಿಸುವುದು ನಿರಂತರವಾಗಿ ಏರಿಳಿಯುವ, ಅಂದರೆ ಅನಲಾಗ್, ವಿದ್ಯುತ್ತಿನಿಂದ. ಅಂಕಿಗಳು ಎಲ್ಲೋ ಒಂದು ಕಡೆ ಅಂಥ ವಿದ್ಯುತ್ತಾಗಲೇಬೇಕು. ಡಿಜಿಟಲ್ ಆಂಪ್ಲಿಫೈಯರ್‌ನಲ್ಲಿ ಆ ಪರಿವರ್ತನೆ ತಪ್ಪಿಹೋಗಿಲ್ಲ. ಸಣ್ಣದೊಂದು ಡಿಎಸಿ (ಡಿಜಿಟಲ್ ಅನ್ನು ಅನಲಾಗ್ ಮಾಡುವ) ಚಿಪ್‌ನಲ್ಲಿ ನಡೆಯಬೇಕಾದದ್ದು ಭಾರಿ ಕರೆಂಟ್ ಹರಿಯುವ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಿಗೆ ವರ್ಗವಾಗಿದೆ, ಅಷ್ಟೆ. ಅಂದರೆ ಇಡೀ ಸರಪಳಿಯ ಅತ್ಯಂತ ನಾಜೂಕಿನ ಕೆಲಸವನ್ನು ಅತ್ಯಂತ ಒರಟಾದ ಜಾಗದಲ್ಲಿ ಮಾಡಿಸಲಾಗುತ್ತಿದೆ.

ಅದು ನಡೆಯುವ ಬಗೆಯನ್ನು ನೋಡಿ. ಪ್ರತಿ ಸ್ಯಾಂಪಲ್‌ನ (ಒಂದು ಕ್ಷಣದಲ್ಲಿ ಶಬ್ದವನ್ನು ಅಳೆದ ಅಂಕಿಯ) ಮೌಲ್ಯಕ್ಕೆ ತಕ್ಕ ಅಗಲದ ಒಂದು ಪಲ್ಸ್ (ವಿದ್ಯುತ್ತಿನ ಮಿಡಿತ) ಹೊರಡಬೇಕು. ಸಿಡಿಯ 16 ಬಿಟ್‌ಗಳಲ್ಲಿ 65,536 ಮಟ್ಟಗಳಿವೆ, ಸೆಕೆಂಡಿಗೆ 44,100 ಸ್ಯಾಂಪಲ್‌ಗಳಿವೆ. ಇದನ್ನು ನೇರವಾಗಿ ಪಲ್ಸ್‌ನ ಅಗಲವಾಗಿಸಲು ಸುಮಾರು 2.89 ಗಿಗಾಹರ್ಟ್ಸ್‌ನ ಗಡಿಯಾರ ಬೇಕು. ಅದು ಕೈಗೆಟಕದ ಮಾತಾದ್ದರಿಂದ ಸ್ಯಾಂಪಲ್ ದರವನ್ನು ಎಂಟು ಪಟ್ಟು ಏರಿಸಿ, ಮಟ್ಟಗಳನ್ನು 256ಕ್ಕೆ ಇಳಿಸುತ್ತಾರೆ. ಆಗ ಸುಮಾರು 90 ಮೆಗಾಹರ್ಟ್ಸ್ ಸಾಕಾಗುತ್ತದೆ. ಇಳಿಸಿದ್ದರಿಂದ ಹುಟ್ಟುವ ದೋಷವನ್ನು ನಾಯ್ಸ್ ಶೇಪಿಂಗ್ ಮೂಲಕ ಕಿವಿಗೆ ಕೇಳದ ಆವರ್ತನಗಳಿಗೆ ತಳ್ಳುತ್ತಾರೆ. ಇದು ಸುಂದರವಾದ ಗಣಿತ, ಇದರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ “ಏನನ್ನೂ ಮುಟ್ಟದೆ ಹಾಗೆಯೇ ಒಯ್ಯುವುದು” ಎಂದು ಇದನ್ನು ಖಂಡಿತ ಕರೆಯಲಾಗದು.

ಗಣಿತ ಮುಗಿದ ಮೇಲೆ ಭೌತಿಕ ಜಗತ್ತು ಎದುರಾಗುತ್ತದೆ. ನಲ್ಲಿಯನ್ನು ಎಷ್ಟೇ ಕರಾರುವಾಕ್ಕಾಗಿ ತೆರೆದು ಮುಚ್ಚಿದರೂ ಟ್ಯಾಂಕಿನ ಒತ್ತಡ ಏರಿಳಿದರೆ ಕೊಡಕ್ಕೆ ಬೀಳುವ ನೀರೂ ಏರಿಳಿಯುತ್ತದೆ. ಹಾಗೆಯೇ ಪಲ್ಸ್‌ನ ಅಗಲ ಎಷ್ಟೇ ನಿಖರವಾಗಿದ್ದರೂ ಅದರ ಎತ್ತರ ಪವರ್ ಸಪ್ಲೈನ ವೋಲ್ಟೇಜ್ ಆಗಿರುವುದರಿಂದ, ಸಪ್ಲೈನ ಪ್ರತಿ ಅಲುಗಾಟವೂ ಶಬ್ದದಲ್ಲಿ ಸೇರುತ್ತದೆ. ಪಲ್ಸ್ ಹೊರಡಿಸಲು ಸರದಿಯಂತೆ ತೆರೆಯುವ ಮೇಲಿನ ಮತ್ತು ಕೆಳಗಿನ ಟ್ರಾನ್ಸಿಸ್ಟರ್‌ಗಳು ಒಟ್ಟಿಗೆ ತೆರೆದು ಸುಟ್ಟುಹೋಗದಿರಲೆಂದು ನಡುವೆ ಬಿಡುವ ಕ್ಷಣಮಾತ್ರದ ಅಂತರವೂ ವಿರೂಪವನ್ನು ತರುತ್ತದೆ. ಪಲ್ಸ್‌ಗಳನ್ನು ನಯಗೊಳಿಸಲು ಕೊನೆಯಲ್ಲಿರುವ ಕಾಯಿಲ್ ಮತ್ತು ಕೆಪ್ಯಾಸಿಟರ್‌ಗಳ ಫಿಲ್ಟರ್ ಸ್ಪೀಕರ್‌ನ ಇಂಪಿಡೆನ್ಸ್‌ಗೆ (ವಿದ್ಯುತ್ತಿಗೆ ಅದು ಒಡ್ಡುವ ತಡೆಗೆ) ತಕ್ಕಂತೆ ವರ್ತಿಸುವುದರಿಂದ, ಒಂದೇ ರಿಸೀವರ್ ಒಂದು ಸ್ಪೀಕರ್‌ನಲ್ಲಿ ಚುರುಕಾಗಿಯೂ ಇನ್ನೊಂದರಲ್ಲಿ ಮಂದವಾಗಿಯೂ ಕೇಳಿಸಬಹುದು. ಸಾಮಾನ್ಯ ಆಂಪ್ಲಿಫೈಯರ್‌ನಲ್ಲಿ ಇಂಥ ತಪ್ಪುಗಳನ್ನು ಫೀಡ್‌ಬ್ಯಾಕ್ ತಿದ್ದುತ್ತದೆ: ಹೊರಬಂದದ್ದನ್ನು ಒಳಹೋದದ್ದರೊಡನೆ ಹೋಲಿಸಿ ವ್ಯತ್ಯಾಸವನ್ನು ಅಳಿಸುತ್ತದೆ. ಒಳಗೆ ಅಂಕಿ, ಹೊರಗೆ ವೋಲ್ಟೇಜ್ ಇದ್ದಾಗ ಹಾಗೆ ಹೋಲಿಸುವುದು ಸುಲಭವಲ್ಲ. ಆ ಕಾಲದ ಅಗ್ಗದ ರಿಸೀವರ್‌ಗಳು ಹೋಲಿಸದೆಯೇ ನಡೆದವು. ಅವು ಚೆನ್ನಾಗಿ ಕೇಳಿಸುತ್ತಿದ್ದವೆಂದರೆ ಎಂಜಿನಿಯರ್‌ಗಳು ಸಪ್ಲೈ ಮತ್ತು ಫಿಲ್ಟರ್‌ಗಳನ್ನು ಶ್ರದ್ಧೆಯಿಂದ ಮಾಡಿದ್ದರಿಂದಲೇ ಹೊರತು, ಅನಲಾಗ್ ಎಂಬ ಹಂತ ಮಾಯವಾದದ್ದರಿಂದಲ್ಲ.

ಇನ್ನೂ ಒಪ್ಪದವರಿಗೆ ಒಂದೇ ಸಂಗತಿ ಹೇಳುತ್ತೇನೆ. ಆಂಪ್ಲಿಫೈಯರ್ ವಿನ್ಯಾಸಕ ಬ್ರೂನೋ ಪುಟ್ಜೀಸ್ ಫಿಲಿಪ್ಸ್‌ನಲ್ಲಿದ್ದಾಗ ರೂಪಿಸಿದ ಯುಸಿಡಿ, ಆಮೇಲಿನ ಎನ್‌ಕೋರ್, ಪ್ಯೂರಿಫೈ ಮಾಡ್ಯೂಲ್‌ಗಳು ಅಳತೆಯಲ್ಲಿ ಅತಿ ಕಡಿಮೆ ವಿರೂಪ ತೋರುವ ಡಿ ಕ್ಲಾಸ್ (ಹೀಗೆಯೇ ಪಲ್ಸ್‌ಗಳಿಂದ ಕೆಲಸ ಮಾಡುವ) ಆಂಪ್ಲಿಫೈಯರ್‌ಗಳ ಸಾಲಿನಲ್ಲಿವೆ. ಅವು ಅನಲಾಗ್ ಇನ್‌ಪುಟ್ ಪಡೆದು, ಫಿಲ್ಟರ್ ದಾಟಿದ ಮೇಲಿನ ವೋಲ್ಟೇಜನ್ನೇ ಹಿಂದಕ್ಕೆ ತಂದು ಹೋಲಿಸುತ್ತವೆ.

ಯಾರೂ ಕೇಳದಿದ್ದರೂ ಇದರ ಜೊತೆಗೇ ಹೇಳಬೇಕಾದದ್ದು ವಾಲ್ಯೂಮ್‌ನ ವಿಚಾರ. ಪೂರ್ಣ ಡಿಜಿಟಲ್ ಆಂಪ್ಲಿಫೈಯರ್‌ನಲ್ಲಿ ಶಬ್ದ ತಗ್ಗಿಸುವುದೆಂದರೆ ಸಾಮಾನ್ಯವಾಗಿ ಅಂಕಿಗಳನ್ನೇ ಚಿಕ್ಕದಾಗಿಸುವುದು. ಪ್ರತಿ 6 ಡೆಸಿಬೆಲ್‌ಗೆ ಒಂದು ಬಿಟ್ ಹೋಗುತ್ತದೆ. ಒಳಗಿನ ಲೆಕ್ಕ 24 ಬಿಟ್‌ಗಳಲ್ಲಿ ನಡೆದರೆ ಸಿಡಿಯ ಶಬ್ದಕ್ಕೆ ಸುಮಾರು 48 ಡೆಸಿಬೆಲ್‌ಗಳ ಅವಕಾಶವಿರುವುದರಿಂದ ಬಿಟ್‌ಗಳ ನಷ್ಟಕ್ಕೆ ಹೆದರಬೇಕಾಗಿಲ್ಲ. ತೊಂದರೆ ಇರುವುದು ಬೇರೆ ಕಡೆ: ಸಂಗೀತ ತಗ್ಗಿದರೂ ಔಟ್‌ಪುಟ್ ಹಂತದ ಹಿಸ್ (ಸುಯ್ ಎನ್ನುವ ಸದ್ದು) ತಗ್ಗದೆ ಅಲ್ಲೇ ನಿಂತಿರುತ್ತದೆ. ಟ್ಯಾಕ್ಟ್ ಮಿಲೇನಿಯಂ ಪವರ್ ಸಪ್ಲೈನ ವೋಲ್ಟೇಜನ್ನೇ ಇಳಿಸಿ ಶಬ್ದ ತಗ್ಗಿಸುತ್ತಿತ್ತು, ಆದ್ದರಿಂದ ಹಿಸ್ ಕೂಡ ಜೊತೆಗೇ ಇಳಿಯುತ್ತಿತ್ತು. ಆದರೆ ಅದು ಖರ್ಚಿನ ದಾರಿ. ಆದ್ದರಿಂದ ಹಳೆಯ ಡಿಜಿಟಲ್ ರಿಸೀವರ್ ಒಂದನ್ನು ಕೊಳ್ಳಲು ಹೊರಟವರು, ವಿಶೇಷವಾಗಿ ಹೆಚ್ಚು ಸಂವೇದನೆಯ (ಅಲ್ಪ ವಿದ್ಯುತ್ತಿಗೂ ಜೋರಾಗಿ ನುಡಿಯುವ) ಸ್ಪೀಕರ್ ಇರುವವರು, ಹಾಡು ನಿಲ್ಲಿಸಿ ಟ್ವೀಟರ್‌ನ (ಎತ್ತರದ ಸ್ವರಗಳನ್ನು ನುಡಿಸುವ ಚಿಕ್ಕ ಸ್ಪೀಕರ್‌ನ) ಹತ್ತಿರ ಕಿವಿಯಿಟ್ಟು ಆಲಿಸಿ. ನೀವು ಕೂರುವ ಜಾಗದವರೆಗೂ ಹಿಸ್ ಕೇಳಿಸಿದರೆ ಆ ರಿಸೀವರ್ ನಿಮ್ಮ ಸ್ಪೀಕರ್‌ಗೆ ತಕ್ಕುದಲ್ಲ.