ಸೇತುವೆಗೆ ಚಾವಣಿ ಯಾಕೆ?

ಚಾವಣಿ ಇರುವ ಮರದ ಸೇತುವೆಯ ಫೋಟೋ ನೋಡಿದವರು ಮಳೆಗೆ, ಹಿಮಕ್ಕೆ ಜನ ನೆನೆಯದಿರಲಿ ಅಂತ ಹೀಗೆ ಕಟ್ಟಿದ್ದಾರೆ ಎಂದುಕೊಳ್ಳುತ್ತಾರೆ. ಆದರೆ ಅಮೆರಿಕದ ಹಳ್ಳಿಗಳಲ್ಲಿ ಚಳಿಗಾಲ ಬಂದರೆ ಊರಿನವರೇ ಹಿಮ ತಂದು ಇಂಥ ಸೇತುವೆಯೊಳಗೆ ಸುರಿಯುತ್ತಿದ್ದರು. ಹಿಮದ ಮೇಲೆ ಜಾರುವ ಗಾಡಿಗಳು ಓಡಬೇಕಲ್ವಾ!

ಚಾವಣಿ ಇರುವುದು ಮರಕ್ಕಾಗಿ. ಹಳೆಯ ಮರದ ಕಟ್ಟಡ ಪರೀಕ್ಷಿಸುವಾಗ ನಾವು ಎಂಜಿನಿಯರುಗಳು ಮೊದಲು ತೊಲೆಯ ತುದಿ, ಕೀಲುಗಳನ್ನೇ ನೋಡುತ್ತೇವೆ. ನೀರು ಇಂಗುವುದು ಅಲ್ಲಿ, ಕೊಳೆತ ಶುರುವಾಗುವುದೂ ಅಲ್ಲಿ. ಮಳೆಗೆ ಒಡ್ಡಿಕೊಂಡ ಮರದ ಸೇತುವೆ ಹತ್ತಿಪ್ಪತ್ತು ವರ್ಷಕ್ಕೆ ಸೋಲುತ್ತದೆ. ಮುಚ್ಚಿಟ್ಟರೆ ನೂರು ವರ್ಷ ದಾಟುತ್ತದೆ.

ಅಮೆರಿಕದ ವರ್ಮಾಂಟ್ ರಾಜ್ಯದ ಬಾರ್ಟನ್ಸ್‌ವಿಲ್ ಸೇತುವೆ ಇದಕ್ಕೆ ಒಳ್ಳೆಯ ಸಾಕ್ಷಿ. 1869ರ ಪ್ರವಾಹದಲ್ಲಿ ವಿಲಿಯಮ್ಸ್ ನದಿ ತನ್ನ ಹಾದಿಯನ್ನೇ ಬದಲಿಸಿತು. ಮರುವರ್ಷ ಸ್ಯಾನ್‌ಫೋರ್ಡ್ ಗ್ರೇಂಜರ್ ಎಂಬವರು ಅಲ್ಲಿ ಸುಮಾರು 151 ಅಡಿ ಉದ್ದದ ಸೇತುವೆ ಕಟ್ಟಿದರು.

ವಿನ್ಯಾಸ ಐಥಿಯಲ್ ಟೌನ್ ಎಂಬ ವಾಸ್ತುಶಿಲ್ಪಿಯದು. 1820ರಲ್ಲೇ ಅವರು ಅದಕ್ಕೆ ಪೇಟೆಂಟ್ ಪಡೆದಿದ್ದರು. ಎರಡೂ ಪಕ್ಕಕ್ಕೆ ಹಲಗೆಗಳನ್ನು ಬಿದಿರಿನ ತಟ್ಟಿಯ ಹಾಗೆ ಓರೆಯಾಗಿ ಒಂದರ ಮೇಲೊಂದು ಹಾಯಿಸಿ, ಅವು ಕೂಡುವಲ್ಲೆಲ್ಲ ಮರದ ಗೂಟ ಹೊಡೆಯುವುದು. ಭಾರಿ ತೊಲೆ ಬೇಕಿಲ್ಲ, ಜಟಿಲ ಕೀಲು ಕೆತ್ತಬೇಕಿಲ್ಲ. ಹತ್ತಿರದ ಕೊಯ್ಯುವ ಮಿಲ್ಲಿನ ಹಲಗೆ, ಊರಿನ ಬಡಗಿಗಳು ಸಾಕು. ಭಾರ ನೂರಾರು ಗೂಟಗಳಿಗೆ ಹಂಚಿಹೋಗುವುದರಿಂದ ಒಂದೆರಡು ಹಲಗೆ ಕೆಟ್ಟರೂ ಸೇತುವೆ ನಿಲ್ಲುತ್ತದೆ, ಕೆಟ್ಟದ್ದನ್ನು ಮಾತ್ರ ಬದಲಿಸಬಹುದು. ಹಳ್ಳಿಗೆ ಇದಕ್ಕಿಂತ ಹೊಂದುವ ವಿನ್ಯಾಸ ನನಗೆ ಗೊತ್ತಿಲ್ಲ.

2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತದ ನೆರೆಗೆ ಈ ಸೇತುವೆ ಕುಸಿಯಿತು. ಸ್ಥಳೀಯರೊಬ್ಬರು ತೆಗೆದ ವಿಡಿಯೋವನ್ನು ಲೋಕವೇ ನೋಡಿತು. 141 ವರ್ಷ ಮಳೆ, ಹಿಮ ತಡೆದಿದ್ದ ಚಾವಣಿ ಕೆಳಗಿನಿಂದ ಬಂದ ನದಿಯನ್ನು ತಡೆಯುವುದು ಸಾಧ್ಯವೇ ಇರಲಿಲ್ಲ.

ಊರಿನವರು ಅಲ್ಲಿ ಮತ್ತೆ ಮರದ ಸೇತುವೆಯನ್ನೇ ಕಟ್ಟಿಸಿದರು. ಐಥಿಯಲ್ ಟೌನ್ ಅವರ ಅದೇ ಓರೆ ಹಲಗೆಗಳ ಜಾಲರಿ, ಮೇಲೆ ಚಾವಣಿ. 2013ರ ಜನವರಿಯಿಂದ ಅದರ ಮೇಲೆ ವಾಹನಗಳು ಓಡುತ್ತಿವೆ. ಸುಮ್ನೆ ನೆನಪಿಗೆ ಇಟ್ಟ ಪ್ರತಿಕೃತಿ ಅಲ್ಲ ಅದು. ನನಗೆ ಇದೇ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು. ದಿನಾ ಬಳಸುವ ಸೇತುವೆಯಲ್ಲಿ ಚಾವಣಿ ಸೋರಿದರೆ ಯಾರಾದರೂ ಬೇಗ ಗಮನಿಸುತ್ತಾರೆ.